ಏಲಿಯಮ್ಮ ಸಿಸ್ಟರ್ ತಂದ ತೀರ್ಥ

೨೧ ಅಕ್ಟೋಬರ್ ೧೯೫೯, ಬುಧವಾರ

ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಪ್ಪನನ್ನು ನೋಡಿಕೊಳ್ಳುವ ನರ್ಸ್ ಏಲಿಯಮ್ಮ ಸಿಸ್ಟರ್ ಜೇಬಿನಲ್ಲಿ ಮದ್ದಿನ ಸೀಸೆಯೊಂದು ಉಬ್ಬಿಕೊಂಡಿತ್ತು. ಒಳಗಿದ್ದದ್ದು ತಲಕಾವೇರಿಯ ತೀರ್ಥ. ತುಲಾ ಸಂಕ್ರಮಣಕ್ಕೆ ಅಲ್ಲಿಗೆ ಹೋದವರಿಂದ ಅವ್ವನಿಗಾಗಿ ತರಿಸಿದ್ದರಂತೆ.

ಅಪ್ಪನ ಮಂಚದ ಬಳಿ ಅದನ್ನು ಕಂಡದ್ದೇ ಅವ್ವ ಬಿಳಿಚಿಕೊಂಡಳು. ನಮ್ಮಲ್ಲಿ ಅದನ್ನು ಬಾಯಿಗೆ ಬಿಡುವುದು ಸಾಯುವವರಿಗೆ.

"ಹಾಗಾದ್ರೆ ಇವರು ಉಳಿಯೋದಿಲ್ವಾ ಸಿಸ್ಟರ್?"

"ಅಯ್ಯೋ, ನಿಮಗೆ ಧೈರ್ಯ ಬರಲಿ ಅಂತ ತಂದೆ ಅಮ್ಮಾ."

"ಇಂಜೆಕ್ಷನ್ ಚುಚ್ಚೋದು ನಿನ್ನ ಕೆಲಸ. ಕಾವೇರಮ್ಮನ ಉಸಾಬರಿ ನಿನಗ್ಯಾಕೆ?" ಎಂದು ದೊಡ್ಡಪ್ಪ ಗದರಿದರು. ಅಪ್ಪ ಮಲಗಿ ಎರಡು ವಾರದ ಮೇಲೆ ಇವತ್ತು ಬಂದವರು! ಇಷ್ಟು ದಿನ ಅವ್ವನ ಕೈ ಹಿಡಿದು ಪ್ರಾರ್ಥಿಸಿದವರು ಸಿಸ್ಟರ್ ಒಬ್ಬರೇ. ಕನ್ನಡ ಬಿ.ಎ. ಓದಿದ ನಾನು ಅಪ್ಪನ ಹೊದಿಕೆ ಸರಿಪಡಿಸುತ್ತಾ ನಿಂತೆ.

ಸಂಜೆ ಸಿಸ್ಟರ್ ಅಪ್ಪನ ಜ್ವರ ನೋಡಿ, ಅವ್ವನ ಪಕ್ಕ ಕೂರದೆ ಹೋದರು. "ಇವತ್ತು ಯಾಕೆ ಕೂರ್ಲಿಲ್ಲ ಮಗಳೇ?" ಎಂದು ಅವ್ವ ನನ್ನನ್ನು ಕೇಳಿದಳು. ದೊಡ್ಡಪ್ಪನ ದೊಡ್ಡಸ್ತಿಕೆ ಉಳಿಯಿತು, ಅವ್ವ ಒಂಟಿಯಾದಳು.

ನಾಳೆ ದೊಡ್ಡಪ್ಪನ ಎದುರಿಗೇ ಸಿಸ್ಟರನ್ನು ಕರೆತಂದು ಅವ್ವನ ಪಕ್ಕ ಕೂರಿಸುತ್ತೇನೆ.