ಬ್ಯಾಟರಿ ನೆಪದ ಸುತ್ತಾಟ

ಅಕ್ಕಾ,

ನಾವಿಬ್ಬರೂ ಚೆನ್ನಾಗಿದ್ದೀವಿ. ನನ್ನ ಮಂಡಿ ಈಗ ಏಣಿ ಹತ್ತುವಷ್ಟು ವಾಸಿ.

ನಾವು ಪ್ರವಾಸ ಹೊರಟಿರೋ ಈ ಗಾಡಿಮನೆಯಲ್ಲಿ ದೀಪ, ಫ್ಯಾನು ಎಲ್ಲಾ ಬ್ಯಾಟರಿಯದೇ. "ಮೇಲೆ ಸೋಲಾರ್ ಇದೆ, ನಿಂತಲ್ಲೇ ಚಾರ್ಜ್ ಆಗತ್ತೆ" ಅಂತ ಇವರು ಕೆರೆ ಪಕ್ಕ ಗಾಡಿ ನಿಲ್ಲಿಸಿ ಗಾಳ ಹಿಡಿದು ಕೂತವರು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಮೋಡ ಕವಿದು ಬ್ಯಾಟರಿ ಮಲಗಿತು. ಇನ್ನು ಗಾಡಿ ಓಡಿಸಿದರೇ ಚಾರ್ಜು!

"ಹೇಗೂ ಓಡಿಸಬೇಕಲ್ಲಾ, ಪೇಟೆ ಕಡೆಗೇ ಓಡಿಸಿ" ಅಂದೆ. ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು ಹೊರಟರು. ಮಾರನೇ ದಿನ ಸಮುದ್ರವೂ ಆಯ್ತು.

ಇವತ್ತು ಹಾಳಾದ್ದು ಬಿಸಿಲು ಬಂತು. ಇವರು ಮತ್ತೆ ಗಾಳ ಹಿಡಿದು ಕೂತಿದ್ದಾರೆ. ನಾನು ದಪ್ಪ ಕಂಬಳಿ ಒಗೆದು, ಗಾಡಿ ಮೇಲೆ ಹತ್ತಿ, ಸೋಲಾರ್ ಪೂರ್ತಿ ಮುಚ್ಚೋ ಹಾಗೆ ಒಣಗಹಾಕಿ ಬಂದೆ.

ನಾಳೆ ಜಲಪಾತಕ್ಕೆ ಹೋಗ್ತಿದ್ದೀವಿ. ಇವರಿಗಿನ್ನೂ ಗೊತ್ತಿಲ್ಲ.

ನಿನ್ನ ತಂಗಿ