ಪ್ರಿಮುಲಾ ಪಾತಿಯ ತೇವ

ಏಪ್ರಿಲ್ 18, ಬೆಳಗ್ಗೆ

ಎದ್ದವಳೇ ಕಳೆ ಕೀಳಲು ಹಿತ್ತಲಿಗೆ ಹೋದೆ. ಅಭ್ಯಾಸಬಲ. ನಡುವೆ ಹೊಸ ತಂತಿಬೇಲಿ! ಮನೆ ಪಾಲಾದಾಗ ಗೋಡೆಯಂಚಿನ ತಗ್ಗುಪಾತಿ ಭಾವನ ಕಡೆ ಹೋಯಿತು. ಅದರ ತುಂಬ ನನ್ನ ಪ್ರಿಮುಲಾ ಹೂಗಿಡಗಳು. ಬೀಜದಿಂದ ಎಬ್ಬಿಸಿದ್ದು.

ಕಿತ್ತುಕೊಳ್ಳುತ್ತೇನೆ ಅಂದರೆ ಓರಗಿತ್ತಿ, "ಮೊಗ್ಗು ಬಿಟ್ಟಿದೆ, ಈಗ ಕೀಳಬೇಡ ಕಣೇ" ಅಂದಳು. ಎಷ್ಟು ನಯ. ಸಾಕಿದ್ದು ನಾನು, ಮೆರೆಯುವುದು ಅವಳು.

ಏಪ್ರಿಲ್ 21

ಓರಗಿತ್ತಿ ಆ ಪಾತಿಯನ್ನು ಉದ್ಯಾನ ಸ್ಪರ್ಧೆಗೆ ಸೇರಿಸಿದ್ದಾಳಂತೆ. ತೀರ್ಪುಗಾರರು ಮನೆಗೇ ಬರುತ್ತಾರಂತೆ. "ಒಳ್ಳೇದೇ ಆಯ್ತಲ್ಲ" ಅಂದರು ಇವರು, ಊಟ ಮಾಡುತ್ತ. ಪಾತ್ರೆ ಕುಕ್ಕಿದೆ.

ಅವಳಿಗೆ ಒಂದು ಗೊತ್ತಿಲ್ಲ. ಆ ಪಾತಿ ಸದಾ ಒದ್ದೆಯಿರುವುದು ನಮ್ಮ ಟ್ಯಾಂಕ್ ತುಂಬಿ ಚೆಲ್ಲುವ ನೀರಿನಿಂದ. ಬೇರು ಒಣಗಿದರೆ, ಬಿಸಿಲು ಬಿದ್ದರೆ ಪ್ರಿಮುಲಾ ಕಥೆ ಮುಗಿಯಿತು.

ಪ್ಲಂಬರ್‌ಗೆ ಫೋನ್ ಮಾಡಿದೆ.

ಏಪ್ರಿಲ್ 22

ಟ್ಯಾಂಕ್ ಇನ್ನು ಚೆಲ್ಲುವುದಿಲ್ಲ. "ಇಷ್ಟು ವರ್ಷ ಯಾಕಮ್ಮ ಹಾಗೇ ಬಿಟ್ಟಿದ್ರಿ?" ಅಂದ ಪ್ಲಂಬರ್. ಕಾಫಿ ಕೊಟ್ಟು ಕಳಿಸಿದೆ.

ಮೇ 3, ಮಧ್ಯಾಹ್ನ

ಎಲೆ ಜೋತುಬಿದ್ದಿವೆ. ಬೇಲಿಯಾಚೆಯಿಂದ ಓರಗಿತ್ತಿ: "ದಿನಾ ಒಂದು ಚೊಂಬು ನೀರು ಹಾಕ್ತೀನಿ, ಆದ್ರೂ ಬಾಡ್ತಿದೆ. ಏನು ಮಾಡ್ಲೇ?"

"ನೀರು ಜಾಸ್ತಿ ಆಗಿದೆ ಅಕ್ಕ, ನಿಲ್ಲಿಸಿಬಿಡಿ. ಪಾತಿ ಮೇಲೆ ಬಾಗಿರೋ ಮರದ ಕೊಂಬೆ ಕಡಿಸಿ, ಬಿಸಿಲು ಬೀಳಲಿ."

"ನೀನು ಹೇಳಿದ್ಮೇಲೆ ಮುಗೀತು" ಅಂತ ಆಗಲೇ ಕತ್ತಿ ತಂದಳು. ಹೊಟ್ಟೆ ತಣ್ಣಗಾಯಿತು.

ಮೇ 9, ಬೆಳಗ್ಗೆ

ಒಂದು ಗಿಡವೂ ಉಳಿದಿಲ್ಲ. ಕೆಂಪು ಹೂವಿನದು ಕೊನೆಯವರೆಗೂ ಹೆಣಗಿತು... ನೋಡಲಾಗದೆ ಮುಖ ತಿರುಗಿಸಿದೆ. ಇವತ್ತೇ ತೀರ್ಪುಗಾರರು ಬರುವುದು. ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತಿದ್ದೇನೆ. ಅವಳ ಮುಖ ನೋಡಬೇಕು. ಮಾಡಿದ್ದುಣ್ಣೋ ಮಹಾರಾಯ.

ಅದೇ ದಿನ, ಹನ್ನೊಂದು ಗಂಟೆ

ತಟ್ಟಿದ್ದು ನಮ್ಮ ಮನೆಯ ಕದ. ತೀರ್ಪುಗಾರ್ತಿ. "ಪ್ರಿಮುಲಾ ಪಾತಿ ನಿಮ್ದೇ ಅಲ್ವಾ? ನಿಮ್ಮಕ್ಕ ನಿಮ್ಮ ಹೆಸರಲ್ಲೇ ಸ್ಪರ್ಧೆಗೆ ಸೇರಿಸಿದ್ರು. ನಿಮಗೆ ಮೊದಲೇ ಹೇಳ್ಬೇಡಿ ಅಂದಿದ್ರು."

ಹಿಂದೆ ಓರಗಿತ್ತಿ, ಕಣ್ಣು ಕೆಂಪಗೆ. "ನಿನ್ನ ಗಿಡ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಕಣೇ. ತಪ್ಪಾಯ್ತು."

ನನ್ನ ಹತ್ತಿರ ತಪ್ಪಾಯ್ತು ಅನ್ನುತ್ತಾಳೆ! ಮೈಯೆಲ್ಲ ಉರಿಯಿತು. ಗಿಡವೂ ಹೋಯಿತು, ಈಗ ಸಿಟ್ಟು ಮಾಡಿಕೊಳ್ಳಲು ಕಾರಣವನ್ನೂ ಕಿತ್ತುಕೊಂಡಳು ಪುಣ್ಯಾತ್ಗಿತ್ತಿ.

ಬಟ್ಟೆ ಬದಲಿಸಿ ಬರುತ್ತೇನೆ ಅಂತ ಒಳಗೆ ಬಂದು ಬರೆಯುತ್ತಿದ್ದೇನೆ. ಹೊರಗೆ ಕಾಯುತ್ತಿದ್ದಾರೆ. ಫೋಟೋದಲ್ಲಿ ಅಷ್ಟು ಚೆನ್ನಾಗಿದ್ದ ಗಿಡ ಹೇಗೆ ಒಣಗಿತು ಅಂತ ತೀರ್ಪುಗಾರ್ತಿ ಕೇಳುತ್ತಿದ್ದಾಳೆ. ಓರಗಿತ್ತಿ ಹೇಳುವುದು ಇಲ್ಲಿಗೇ ಕೇಳಿಸುತ್ತದೆ: "ಅವಳನ್ನೇ ಕೇಳಿ ಮೇಡಂ, ಅವಳಿಗೇ ಗೊತ್ತಿರೋದು." ಹೋಗಬೇಕು. ಹೋಗಿ ಏನಂತ—