ಗೋಡೆ ಇಲ್ಲದ ಮೈದಾನ

೪ ಅಕ್ಟೋಬರ್ ೧೯೮೧, ಇಳಕಲ್. ಬೆಳಿಗ್ಗೆ ೭

ಬಾಸ್ಕೆಟ್‌ಬಾಲಿನಲ್ಲಿ ಬ್ಲಾಕ್ ಮಾಡುವುದನ್ನು, ಅಂದರೆ ಬುಟ್ಟಿಗೆ ಎಸೆದ ಬಾಲನ್ನು ಹಾರಿ ತಡೆಯುವುದನ್ನು, ಇಡೀ ಹಿಂದೂಸ್ತಾನಕ್ಕೆ ಕಲಿಸಿದವನು ನಾನು. ಅಮೆರಿಕದವರೂ ನನ್ನಿಂದಲೇ ಕಲಿತಿರಬೇಕು. ಹೇಗೆ ಅಂತ ಗೊತ್ತಿಲ್ಲ, ಕಲಿತದ್ದು ಮಾತ್ರ ಹೌದು. ಬರೆದಿಡದಿದ್ದರೆ ನಾಳೆ ಯಾರೋ ಡಿಗ್ರಿಯವರು ತಮ್ಮದೆಂದು ಹೇಳಿಕೊಂಡಾರು.

ಇವತ್ತೂ ಐದೂವರೆಗೆ ಶಾರವ್ವನನ್ನು ಎಬ್ಬಿಸಿದೆ. ಅಕ್ಕನ ಮಗಳು, ಹತ್ತನೇ ಇಯತ್ತೆ. ಎತ್ತರದಲ್ಲಿ ನನ್ನನ್ನೇ ಹೋಲುತ್ತಾಳೆ. ಹತ್ತಿ ಗೋದಾಮಿನ ಹಿಂದೆ ಪ್ರಾಕ್ಟೀಸ್. ನಾನು ರಿಂಗಿಗೆ ಬಾಲ್ ಎತ್ತುವುದು, ಅವಳು ಹಾರಿ ಅಂಗೈಯಿಂದ ರಪ್ಪನೆ ಬಾರಿಸುವುದು. ಬಾಲ್ ಗೋದಾಮಿನ ಗೋಡೆಗೆ ಬಡಿದು ವಾಪಸ್ ಅವಳ ಕೈಗೇ! ನಾನು ಆಡಿ ಬೆಳೆದ ವಾಲಿಬಾಲ್ ಸ್ಮ್ಯಾಶ್ ಇದೇ. ಅದು ಬಂದವನಿಗೆ ಇದೇನು ದೊಡ್ಡದು.

ಅಕ್ಕ ಚಂದವ್ವ ಚಹಾ ಕೊಡುವಾಗ ಗೊಣಗಿದಳು.

"ಬಸೂ, ಹುಡುಗಿ ಅಂಗೈ ಬಾತೈತಿ ನೋಡಲ್ಲಿ. ನಾಳೆ ನೂಲು ಸುತ್ತಾಕ ಕೈ ಬೇಕಲ್ಲೋ."

"ಇಕಿ ನೂಲು ಸುತ್ತೂದಿಲ್ಲ ಬಿಡ ಅಕ್ಕಾ. ಧಾರವಾಡಕ್ಕ ಹೋಗಾಕಿ."

ಜಿಲ್ಲಾ ತಂಡಕ್ಕೆ ಆರಿಸಿದರೆ ಧಾರವಾಡದ ಒಂದು ಕಾಲೇಜಿನವರು ಫೀ ಇಲ್ಲದೆ ಸೇರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಪರೀಕ್ಷೆ ಮುಗಿದ ಮರುದಿನವೇ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ಕೂರಬೇಕು. ನವೆಂಬರಿನಲ್ಲಿ ಬಾಗಲಕೋಟೆಯಲ್ಲಿ ಮ್ಯಾಚು. ಆರಿಸುವವರು ಬರುತ್ತಾರೆ. ಆರಿಸಿಯೇ ಆರಿಸುತ್ತಾರೆ ಅಂತ ಶಾರವ್ವನಿಗೆ ಮಾತು ಕೊಟ್ಟಿದ್ದೇನೆ.

೧೧ ಅಕ್ಟೋಬರ್

ಶಾರವ್ವನ ಸಾಲೆಯ ಪಿ.ಟಿ. ಮಾಸ್ತರ ಇಮಾಮಹುಸೇನ ತಂಡದ ಹುಡುಗಿಯರನ್ನು ಕರೆದುಕೊಂಡು ಗೋದಾಮಿನ ಹಿಂದೆ ಬಂದಿದ್ದ. ಸುಣ್ಣ ಬಳಿದಂಥ ಕ್ಯಾನ್ವಾಸ್ ಬೂಟು. ನೋಡಿದರೇ ಹೇಸಿಗೆ.

"ಹೊಳಬಸಪ್ಪಾರ, ಹಂಗ ಬಾರಿಸಬಾರದ್ರಿ. ಕೈ ನೆಟ್ಟಗ ಮ್ಯಾಲ ಚಾಚಿ, ಬೆರಳ ತುದೀಲೆ ಹಗೂರಕ ತಟ್ಟಬೇಕು. ಬಾಲ್ ನಮ್ಮ ಹುಡುಗ್ಯಾರ ಕಡೇನ ಬೀಳಬೇಕು."

"ತಟ್ಟೂದ? ಮಾಸ್ತರ, ಕೂಸಿನ ಮಲಗಸಾಕತ್ತೀರೇನು?"

ಹುಡುಗಿಯರೆಲ್ಲ ನಕ್ಕರು. ಶಾರವ್ವ ನಗಲಿಲ್ಲ. ಮನೆಗೆ ಬರುವಾಗ ಕೇಳಿದಳು.

"ಮಾಮಾ, ಸರ್ ಹೇಳಿದ್ದೂ ಒಂದ್ಸಲ ಮಾಡಿ ನೋಡ್ಲೇನು?"

"ಮಾಡವಾ. ಆಮ್ಯಾಲ ನಾ ಕಲಿಸೇನಿ ಅಂತ ಯಾರ ಮುಂದೂ ಹೇಳಬ್ಯಾಡ."

ಹಗೂರ ಬ್ಲಾಕ್ ಅಂತೆ... ಕೇಳಿಯೇ ಬಾಯಿ ಕಹಿ. ಆರಡಿ ಎರಡಿಂಚಿನ ನಾನು ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತೇನೆ. ನನ್ನ ಎತ್ತರ ಊರಿನಲ್ಲಿ ಯಾರಿಗೆ ಕಾಣಬೇಕು? ಅವಳದಾದರೂ ಕಾಣಲಿ. ಸದ್ದು ಮಾಡಲಿ.

೮ ನವೆಂಬರ್, ಬಾಗಲಕೋಟೆ ಬಸ್‌ಸ್ಟ್ಯಾಂಡ್. ಸಂಜೆ ೫

ಥೂ!

ಸೋತೆವು. ಮೂವತ್ತೊಂದು — ಮೂವತ್ನಾಲ್ಕು. ಮೂರೇ ಪಾಯಿಂಟು. ಆರಿಸಿದವರ ಹೆಸರು ಓದಿದರು. ಶಾರವ್ವನದಿಲ್ಲ.

ರೆಫ್ರಿ ಹೊಲಸು. ಆರಿಸುವವರು ಹೊಲಸು, ಕುರ್ಚಿ ಮೇಲೆ ಕೂತು ಕಡಲೆ ತಿನ್ನುತ್ತಿದ್ದರು. ಈ ಚಹಾವೂ ಹೊಲಸು, ನೊಣ ತೇಲುತ್ತಿದೆ.

ಹುಡುಗಿ ಹದಿನಾಲ್ಕು ಬ್ಲಾಕ್ ಮಾಡಿದಳು! ಒಂದೊಂದಕ್ಕೂ ಜನ ಎದ್ದು ನಿಂತರು. ಆ ಮೈದಾನಕ್ಕೆ ಮಾತ್ರ ಗೋಡೆ ಇಲ್ಲ. ಬರೀ ಸುಣ್ಣದ ಗೆರೆ. ಬಾಲ್ ಗೆರೆ ದಾಟಿ ಸೈಕಲ್ಲುಗಳ ನಡುವೆ ಬೀಳುವುದು, ರೆಫ್ರಿ ಸೀಟಿ ಊದುವುದು, ಬಾಲ್ ಮತ್ತೆ ಎದುರಿನವರಿಗೇ ಕೊಡುವುದು. ಇದೆಂಥ ಕಾನೂನು?

ಬಸ್ಸಿನಲ್ಲಿ ಶಾರವ್ವ ಮಾಸ್ತರನ ಹತ್ತಿರ ಕೂತಿದ್ದಾಳೆ. ನಾನು ಹುನಗುಂದದ ತನಕ ನಿಂತೇ ಹೋಗಬೇಕು.

೯ ನವೆಂಬರ್

ಚಂದಪ್ಪನ ಚಹಾದಂಗಡಿಯಲ್ಲಿ ಎಲ್ಲ ಹೇಳಿದೆ. ಹದಿನಾಲ್ಕನ್ನು ಇಪ್ಪತ್ತು ಮಾಡಿ ಹೇಳಿದೆ. ತಪ್ಪೇನು.

ಚಂದಪ್ಪ ಗ್ಲಾಸು ತೊಳೆಯುತ್ತಾ ಕೇಳಿದ. "ಇಪ್ಪತ್ತ್ ತಡದ್ರೂ ಸೋತ್ರೇನಲೇ?"

"ರೆಫ್ರಿ ತಿಂದಾನಲೇ ಪಾಯಿಂಟು."

"ಎಷ್ಟ್ ತಿಂದಾ?"

"...ಮೂರು."

"ಸೋತದ್ದೂ ಮೂರಕ್ಕ ಅಂದಿ. ಭಾಳ ಲೆಕ್ಕಾ ಹಾಕಿ ತಿಂದಾನ ಬಿಡು!"

ಎಲ್ಲರೂ ನಕ್ಕರು. ನಾನೂ ನಕ್ಕೆ.

೨೨ ನವೆಂಬರ್

ಹದಿಮೂರು ದಿನ ಬರೆಯಲಿಲ್ಲ. ಮಗ್ಗದಲ್ಲೂ ಮನಸ್ಸಿಲ್ಲ, ಎರಡು ಸಲ ಎಳೆ ಹರಿದವು. ಶಾರವ್ವ ಸಾಲೆಯಿಂದ ಬಂದವಳೇ ರಾಟೆಯ ಮುಂದೆ ಕೂರುತ್ತಾಳೆ. ಯಾರೂ ಹೇಳಿರಲಿಲ್ಲ. ಐದೂವರೆಗೆ ಎಬ್ಬಿಸಲು ಹೋದರೆ "ಬ್ಯಾಡ ಮಾಮಾ" ಅಂದಳು. ಅಷ್ಟೇ.

ಇವತ್ತು ಇಮಾಮಹುಸೇನ ಮಾಸ್ತರ ಮನೆಗೆ ಬಂದ. ಬಯ್ಯುತ್ತಾನೆಂದು ನಾನೇ ಮೊದಲು ಶುರು ಮಾಡಲಿದ್ದೆ. ಅವನು ಬಯ್ಯಲಿಲ್ಲ.

"ಆರಿಸಾವರ್ನ ಕೇಳಿದ್ನ್ರಿ. 'ಹುಡುಗಿ ಹಾರೂದು ಚಲೋ ಐತಿ, ತಡದ ಬಾಲ್ ಹೆರವರಿಗೇ ಕೊಡತಾಳ' ಅಂದ್ರು."

ಮ್ಯಾಚಿನ ದಿನ ಬರೆದ ನೋಟ್‌ಬುಕ್ಕು ಚಾಪೆಯ ಮೇಲಿಟ್ಟು ಹೋದ. ಒಂದೊಂದು ಬ್ಲಾಕಿನ ಮುಂದೆ, ಬಾಲ್ ಎಲ್ಲಿ ಹೋಯಿತು, ಆಮೇಲೆ ಏನಾಯಿತು, ಎಲ್ಲ. ಅಕ್ಷರ ಅಚ್ಚುಕಟ್ಟು. ಅದನ್ನು ನೋಡಿಯೂ ಹೇಸಿಗೆ ಬಂತು. ಮಾಸ್ತರನ ಮೇಲಲ್ಲ.

ಒಂಬತ್ತನೆಯ ಬ್ಲಾಕು ನನಗೆ ನೆನಪಿದೆ. ಅಲ್ಲಿ ಶಾರವ್ವ ಬಾರಿಸಲಿಲ್ಲ. ಹಗೂರ ತಟ್ಟಿದಳು. ಬಾಲ್ ನಮ್ಮ ಹುಡುಗಿಯ ಕೈಗೆ ಬಿತ್ತು, ಅವಳು ಓಡಿ ಬುಟ್ಟಿಗೆ ಹಾಕಿದಳು. ನಾನು ಗೆರೆಯ ಹತ್ತಿರ ಎದ್ದು ನಿಂತು ಕೂಗಿದ್ದೆ — "ಏನದು ಶಾರಿ? ಬಾರಸ! ಬಾರಸ!" ತಿರುಗಿ ನನ್ನ ಮುಖ ನೋಡಿದಳು. ಆಮೇಲಿನ ಐದನ್ನೂ ಬಾರಿಸಿದಳು.

ಇದನ್ನು ಯಾರಿಗೂ ಹೇಳಿಲ್ಲ. ಚಂದಪ್ಪನಿಗೆ ಮೂರು ಪಾಯಿಂಟು ಅಂದೆ. ಅಕ್ಕನಿಗೆ ಎರಡು ಅಂದೆ, ಅದೂ ರೆಫ್ರಿಯ ತಲೆಗೆ ಕಟ್ಟಿ. ಇಲ್ಲಾದರೂ ಖರೆ ಬರೆಯಬೇಕು. ಹದಿನಾಲ್ಕರಲ್ಲಿ ಹದಿಮೂರು ಗೆರೆಯಾಚೆ. ಆ ಹದಿಮೂರರಲ್ಲಿ ಎಂಟು ಸಲ, ತಿರುಗಿ ಕೊಟ್ಟ ಬಾಲಿನಿಂದಲೇ ಎದುರಿನವರು ಬುಟ್ಟಿ ಹಾಕಿದರು. ಅಂದರೆ ಹದಿನಾರು ಪಾಯಿಂಟು. ಶಾರವ್ವ ಕಳೆದದ್ದಲ್ಲ. ಹದಿನಾರೂ ನಾನೇ ಕಳೆದದ್ದು.